ಯಂತ್ರದ ಬುದ್ಧಿ, ಒಡೆಯನ ಹೊಣೆ

ಹನಗೋಡಿನ ರೈತನೊಬ್ಬನು ಹೊಗೆಸೊಪ್ಪನ್ನು ಹದಮಾಡಲು ಬೇಕಾದ ಸೌದೆಗಾಗಿ ಸಾಲ ಕೇಳುವನೆಂದು ಭಾವಿಸೋಣ. ಹಿಂದೆ ಸಾಲಕೊಡುವವನು ಅವನ ಹೊಲವನ್ನೂ ನಡತೆಯನ್ನೂ ನೋಡಿ ಮಾತು ಹೇಳುತ್ತಿದ್ದನು. ಇಲ್ಲವೆಂದರೆ, ಏಕೆಂದು ಕೇಳಲು ಎದುರಿಗೊಬ್ಬ ಮನುಷ್ಯನಿರುತ್ತಿದ್ದನು. ಈಗ ಮೊಬೈಲಿನಲ್ಲಿ ಸಲ್ಲಿಸಿದ ಅರ್ಜಿಯನ್ನು ಕೃತಕ ಬುದ್ಧಿಮತ್ತೆಯ ಯಂತ್ರವೇ ತೂಗಿ ತಳ್ಳಿಹಾಕಬಹುದು. ಕಾರಣ ಕೇಳಿದರೆ, “ಯಂತ್ರವು ಹಾಗೆ ಹೇಳಿತು” ಎಂಬುದೇ ಉತ್ತರವಾದೀತು. ಇದು ಉತ್ತರವಲ್ಲ, ಹೊಣೆಯಿಂದ ನುಣುಚಿಕೊಳ್ಳುವ ದಾರಿ.

ಇಂತಹ ವಾದವೊಂದು ಕೆನಡಾದಲ್ಲಿ ಈಗಾಗಲೇ ಸೋತಿದೆ. ಬಂಧುಮರಣದ ಸಂದರ್ಭದಲ್ಲಿ ದೊರೆಯುವ ರಿಯಾಯಿತಿ ದರದ ವಿಷಯದಲ್ಲಿ ಏರ್ ಕೆನಡಾ ಸಂಸ್ಥೆಯ ಉತ್ತರಯಂತ್ರವು ಪ್ರಯಾಣಿಕನೊಬ್ಬನಿಗೆ ತಪ್ಪು ಮಾಹಿತಿಯನ್ನಿತ್ತಿತು. ಯಂತ್ರದ ಮಾತಿಗೆ ಯಂತ್ರವೇ ಹೊಣೆಯೆಂಬ ಧಾಟಿಯಲ್ಲಿ ಸಂಸ್ಥೆಯು ವಾದಿಸಿತು. ನ್ಯಾಯಮಂಡಲಿಯು 2024ರ ಫೆಬ್ರವರಿಯಲ್ಲಿ ಅದನ್ನು ತಳ್ಳಿಹಾಕಿ, ಪರಿಹಾರ ಕೊಡಿಸಿತು. ಗುಮಾಸ್ತನ ತಪ್ಪಿಗೆ ಅಂಗಡಿಯ ಯಜಮಾನನು ಉತ್ತರಿಸಬೇಕೆಂಬ ಹಳೆಯ ನ್ಯಾಯವೇ ಇಲ್ಲಿಯೂ ಸಲ್ಲತಕ್ಕದ್ದು.

ನಮ್ಮ ರಾಜಧಾನಿಗೂ ಎಚ್ಚರಿಕೆ ಮುಟ್ಟಿದೆ. ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಲಿಯ ಬೆಂಗಳೂರು ಪೀಠವು 2024ರ ಡಿಸೆಂಬರಿನಲ್ಲಿತ್ತ ಆದೇಶವೊಂದರಲ್ಲಿ ಅಸ್ತಿತ್ವದಲ್ಲೇ ಇಲ್ಲದ ತೀರ್ಪುಗಳು ಆಧಾರವಾಗಿ ನುಸುಳಿದ್ದುವು, ಆದೇಶವನ್ನು ಹಿಂತೆಗೆದುಕೊಳ್ಳಬೇಕಾಯಿತು. ಇದು ಯಂತ್ರದ ಕೈವಾಡವೆಂಬ ಶಂಕೆ ವ್ಯಾಪಕವಾಗಿ ಹಬ್ಬಿತು. ನ್ಯಾಯಪೀಠದ ಆದೇಶಕ್ಕೇ ಈ ಗತಿಯಾದರೆ, ಕಣ್ಣುಮುಚ್ಚಿ ಯಂತ್ರದಿಂದ ಕರಾರುಪತ್ರ ಬರೆಸುವ ವರ್ತಕನ ಪಾಡೇನು?

ಕಾನೂನು ಇಲ್ಲವೆಂದಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು, ಜನರ ವಿವರಗಳನ್ನು ಜೋಪಾನವಾಗಿ ಕಾಯದ ಸಂಸ್ಥೆಗೆ 250 ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶ ಕೊಟ್ಟಿದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದುವು. ಆದರೆ ಯಂತ್ರವೊಂದೇ ಮಾಡಿದ ನಿರ್ಣಯಕ್ಕೆ ಕಾರಣ ಕೇಳುವ ಹಕ್ಕನ್ನು ಆ ಕಾಯಿದೆಯು ಪ್ರಜೆಗೆ ಕೊಟ್ಟಿಲ್ಲ. ಕೃತಕ ಬುದ್ಧಿಮತ್ತೆಗೆ ಪ್ರತ್ಯೇಕ ಕಾನೂನು ಸದ್ಯಕ್ಕೆ ಬೇಡವೆಂಬುದು ಅದೇ ತಿಂಗಳಿನಲ್ಲಿ ಕೇಂದ್ರ ಸರಕಾರವು ಹೊರಡಿಸಿದ ಮಾರ್ಗಸೂಚಿಗಳ ಇಂಗಿತ. ಯುರೋಪಿನಲ್ಲಾದರೋ 2018ರಿಂದಲೇ, ಇಂತಹ ನಿರ್ಣಯವನ್ನು ಮನುಷ್ಯನು ಮರುಪರಿಶೀಲಿಸಬೇಕೆಂದು ಕೇಳುವ ಹಕ್ಕು ಜನರಿಗುಂಟು. ವ್ಯಕ್ತಿಗಳ ಸಾಲಾರ್ಹತೆಯನ್ನು ಅಳೆಯುವ ಯಂತ್ರಗಳನ್ನು ಅಲ್ಲಿಯ 2024ರ ಕಾನೂನು ಹೆಚ್ಚಿನ ಅಪಾಯದ ವರ್ಗಕ್ಕೆ ಸೇರಿಸಿದೆ.

ಹೊಸ ಉದ್ಯಮಗಳ ಕತ್ತನ್ನು ನಿರ್ಬಂಧಗಳಿಂದ ಹಿಸುಕಬಾರದೆಂಬ ವಾದದಲ್ಲಿ ತಥ್ಯವಿಲ್ಲದಿಲ್ಲ. ಸಣ್ಣ ವರ್ತಕನಿಗೆ ಈ ಯಂತ್ರವು ಅಗ್ಗದ ಸಹಾಯಕ. ಆದರೆ ನಾವು ಕೇಳುವುದು ಪರವಾನಗಿಗಳ ಕಂತೆಯನ್ನಲ್ಲ, ಮೂರೇ ಮಾತುಗಳನ್ನು: ಯಂತ್ರವನ್ನು ಬಳಸಿದವನೇ ಅದರ ತಪ್ಪಿಗೆ ಹೊಣೆಯಾಗಲಿ, ನಿರಾಕರಿಸಲ್ಪಟ್ಟವನಿಗೆ ಕಾರಣವನ್ನು ಕನ್ನಡದಲ್ಲಿ ತಿಳಿಸಲಿ, ಮೊರೆಯನ್ನು ಆಲಿಸಲು ಮನುಷ್ಯನೊಬ್ಬನಿರಲಿ. ಪಾರ್ಲಿಮೆಂಟು ಇಷ್ಟನ್ನು ಕಾನೂನಿನಲ್ಲಿ ಸ್ಪಷ್ಟವಾಗಿ ಬರೆದರೆ ಪ್ರಾಮಾಣಿಕ ವರ್ತಕನಿಗೆ ನಷ್ಟವೇನೂ ಇಲ್ಲ. ಹನಗೋಡಿನ ರೈತನಿಗೆ ಮಾತ್ರ, ಏಕೆಂದು ಕೇಳುವ ಬಾಯಿ ಉಳಿಯುವುದು.