ಸೋರೆ ಹೀಚು ಉದುರಿದರೆ ಯಾರನ್ನ ದೂರೋದು?

ಸೋರೆ, ಹೀರೆ ಹೀಚಿನ ಕಡೆ ಬೆರಳು ತೋರಿಸಿದರೆ ಅದು ಕೊಳೆತು ಉದುರುತ್ತೆ ಅಂತ ನಮ್ಮ ಬಾಬುರಾಯನಕೊಪ್ಪಲು ಕಡೆ ಎಷ್ಟೋ ಮನೆಗಳಲ್ಲಿ ಹೇಳ್ತಾರೆ. ಮುಟ್ಟಾದ ಹೆಂಗಸರು ತರಕಾರಿ ಚಪ್ಪರದ ಕೆಳಗೆ ಬರಬಾರದು, ಎಲೆತೋಟಕ್ಕಂತೂ ಕಾಲಿಡಲೇಬಾರದು, ಬಳ್ಳಿ ಬಾಡುತ್ತೆ ಅಂತಲೂ ಹೇಳ್ತಾರೆ.

ನನ್ನ ಹೆಂಡತಿ ವಿಜಯಪುರದ ಕಡೆಯವಳು. ಅವಳ ತವರಲ್ಲಿ ಈ ಬೆರಳಿನ ಕಟ್ಟಳೆ ಇಲ್ಲವೇ ಇಲ್ಲ. ಅಲ್ಲಿ ಎಳ್ಳಮವಾಸ್ಯೆ ದಿನ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲಲೇಬೇಕು. ನಮಗೆ ಚರಗ ಗೊತ್ತಿಲ್ಲ, ಯುಗಾದಿಗೆ ಹೊನ್ನಾರು ಕಟ್ಟಬೇಕು. ನಮ್ಮ ಮನೇಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡಲ್ಲ, ಅದು ಬಸವನ ವಾರ. ಟ್ರ್ಯಾಕ್ಟರಿಗೂ ಸೋಮವಾರ ರಜೆ ಕೊಡೋರು ಇದ್ದಾರೆ. ಕಟ್ಟು ಪದ್ಧತಿಯಲ್ಲಿ ನಾಲೆ ನೀರು ಭಾನುವಾರ ಬಂತು ಅಂದ್ರೆ ಅವರ ಪಾಡು ನೋಡಬೇಕು!

ತೋಟಗಾರಿಕೆ ಓದುವಾಗ ಒಂದು ತಾಕಿಗೆ ಗೊಬ್ಬರ ಹಾಕಿ, ಪಕ್ಕದ್ದನ್ನ ಹಾಗೇ ಬಿಟ್ಟು ಹೋಲಿಸ್ತಿದ್ವಿ. ಕಟ್ಟಳೆ ಇರೋ ಮನೆ, ಇಲ್ಲದ ಮನೆ ಅಂದ್ರೆ ಅದೇ ಪ್ರಯೋಗ, ಅದೂ ಖರ್ಚಿಲ್ಲದೆ. ಎರಡೂ ಕಡೆ ಹೀಚು ಉದುರುತ್ತೆ, ಎರಡೂ ಕಡೆ ಕಾಯಿ ಬಿಡುತ್ತೆ. ತಾನು ಯಾರ ಮನೆ ಬಳ್ಳಿ ಅಂತ ಬಳ್ಳಿಗೇನು ಗೊತ್ತು?

ಸುಮಾರು 2,000 ವರ್ಷದ ಹಿಂದೆ ರೋಮ್‌ನಲ್ಲಿ ಪ್ಲೀನಿ ಅನ್ನೋ ಲೇಖಕನೂ ಮುಟ್ಟಾದವಳಿಂದ ಪೈರು ಒಣಗುತ್ತೆ ಅಂತ ಬರೆದ. ಅದೇ ಪುಸ್ತಕದ ಇನ್ನೊಂದು ಭಾಗದಲ್ಲಿ, ಅವಳು ಹೊಲ ಸುತ್ತಿದರೆ ಕಂಬಳಿಹುಳುಗಳು ಉದುರಿ ಬೀಳ್ತವೆ ಅಂತಲೂ ಬರೆದಿದ್ದಾನೆ. ಬೆಳೆ ಕೆಡಿಸೋಳೂ ಅವಳೇ, ಉಳಿಸೋಳೂ ಅವಳೇ.

ಹೀಚು ಕೊಳೆಯೋಕೆ ಸಾಮಾನ್ಯವಾಗಿ ಎರಡು ಕಾರಣ. ಒಂದು ಹಣ್ಣುನೊಣ. ಹೆಣ್ಣುನೊಣ ಎಳೆಕಾಯಿ ಸಿಪ್ಪೆ ಚುಚ್ಚಿ ಮೊಟ್ಟೆ ಇಡುತ್ತೆ. ಚುಚ್ಚಿದ ಕಡೆ ಅಂಟು ಒಸರಿ, ಕಾಯಿ ಸೊಟ್ಟಗಾಗಿ ಕೊಳೆಯುತ್ತೆ. ಸೀಳಿ ನೋಡಿ, ಒಳಗೆ ಬಿಳಿ ಹುಳ ಇರುತ್ತೆ. ಇನ್ನೊಂದು, ಪರಾಗಸ್ಪರ್ಶ ಆಗದೇ ಇರೋದು. ಆಗ ಹುಳ ಇರಲ್ಲ, ಹೀಚು ಹಳದಿಯಾಗಿ ಮುರುಟಿ ಉದುರುತ್ತೆ. ಸೋರೆ, ಹೀರೆ ಹೂ ಅರಳೋದು ಸಂಜೆ. ಗಂಡುಹೂ ಕಿತ್ತು ಹೆಣ್ಣುಹೂವಿಗೆ ಸವರೋದೂ ಆಗಲೇ. ನೊಣಕ್ಕೆ ಕ್ಯೂ ಲೂರ್ ಬಲೆ ಎಕರೆಗೆ 8–10 ಕಟ್ಟಿ. ಅದಕ್ಕೆ ಬೀಳೋದು ಗಂಡುನೊಣ ಮಾತ್ರ, ಹಾಗಾಗಿ ಉದುರಿದ ಕಾಯಿಗಳನ್ನ ಆರಿಸಿ ಆಳವಾಗಿ ಹೂಳಲೇಬೇಕು. ಪಕ್ಕದ ಮನೆಯವಳ ಕಣ್ಣು ಬಿತ್ತು ಅಂತ ದೂರುತ್ತಾ ಕೂತರೆ, ಅಷ್ಟರಲ್ಲಿ ಹುಳ ಮಣ್ಣಿಗಿಳಿದು ಕೋಶವಾಗಿ ಮತ್ತೆ ನೊಣವಾಗಿ ಬರುತ್ತೆ.

ಹಾಗಂತ ಎಲ್ಲ ಕಟ್ಟಳೆ ಬಿಡಿ ಅನ್ನಲ್ಲ. ಎಲೆತೋಟಕ್ಕೆ ಚಪ್ಪಲಿ ಹಾಕ್ಕೊಂಡು ಹೋಗಬಾರದು ಅನ್ನೋದನ್ನ ಖಂಡಿತ ಪಾಲಿಸಿ. ವೀಳ್ಯದೆಲೆಯ ಬುಡಕೊಳೆ ರೋಗ ಮಣ್ಣು, ನೀರಿನ ಜೊತೆ ಹರಡುತ್ತೆ, ಹೊರಗಿನ ಕೆಸರು ಒಳಗೆ ಬರೋದು ಕಡಿಮೆಯಾದಷ್ಟೂ ಒಳ್ಳೇದು. ಹಿರಿಯರಿಗೆ ಇದು ಗೊತ್ತಿತ್ತು ಅಂತ ನಾನು ವಾದಿಸಲ್ಲ. ಎಲ್ಲದಕ್ಕೂ ವಿಜ್ಞಾನ ಅಂಟಿಸೋ ಚಾಳಿ ನನಗಾಗದು. ಸೋಮವಾರದ ಕಟ್ಟಳೆಯಿಂದ ಎತ್ತಿಗೆ ವಿಶ್ರಾಂತಿ. ಹೊನ್ನಾರು, ಚರಗ ಯಾರಿಗೂ ತೊಂದರೆ ಕೊಡಲ್ಲ, ಊಟವಾದರೂ ಸಿಗುತ್ತೆ.

ಮುಟ್ಟಿನ ಕಟ್ಟಳೆ ಹಾಗಲ್ಲ. ಎಲೆ ಕೊಯ್ಯೋಕೆ, ಕಾಯಿ ಬಿಡಿಸೋಕೆ ಬರೋ ಹೆಂಗಸರಿಗೆ ತಿಂಗಳಿಗೆ ಮೂರು ದಿನದ ಕೂಲಿ ಹೋಗುತ್ತೆ. ಬಳ್ಳಿ ಬಾಡಿದರೆ ಮೊದಲ ಅನುಮಾನವೂ ಅವರ ಮೇಲೇ. ಸುಳ್ಳು ಹೇಳಿ ಕೆಲಸಕ್ಕೆ ಬಂದವಳು ದಿನವಿಡೀ ಹೆದರಿಕೊಂಡೇ ದುಡೀತಾಳೆ. ನಮ್ಮ ತೋಟದಲ್ಲಿ ಯಾರನ್ನೂ ಆ ಮಾತು ಕೇಳಲ್ಲ. ನಿಮ್ಮ ಮನೇಲಿ ಅಜ್ಜಿ ಒಪ್ಪದಿದ್ದರೆ ಜಗಳಕ್ಕೆ ಹೋಗಬೇಡಿ. ಉದುರಿದ ಕಾಯಿ ನಾಲ್ಕು ತಂದು ಅವರ ಮುಂದೆಯೇ ಸೀಳಿ ತೋರಿಸಿ.