ಸುಳ್ಳಾಡುವ ಸಂವೇದಕ
ಭೂಕುಸಿತದ ಮುನ್ಸೂಚನೆಗೆಂದು ಕೇರಳದ ಮುನ್ನಾರಿನ ಇಳಿಜಾರಿನಲ್ಲಿ ಅಮೃತಾ ವಿಶ್ವವಿದ್ಯಾಪೀಠವು ನಿಸ್ತಂತು ಸಂವೇದಕ ಜಾಲವನ್ನು ಹೂಡಿತು. ಮಣ್ಣೊಳಗಿನ ನೀರಿನ ಒತ್ತಡ, ನೆಲದ ವಾಲುವಿಕೆ, ಕಂಪನಗಳನ್ನು ಅಳೆದು ಘಟಕದಿಂದ ಘಟಕಕ್ಕೆ ದಾಟಿಸುವ ಈ ಜಾಲದ ಆಧಾರದಲ್ಲಿ 2009ರ ಜುಲೈ ಮಳೆಯಲ್ಲಿ ಎಚ್ಚರಿಕೆಯನ್ನೂ ನೀಡಲಾಗಿತ್ತು.

ಇಂತಹ ಜಾಲದಲ್ಲಿ ಕೆಟ್ಟ ಘಟಕಕ್ಕಿಂತ ವಂಚಕ ಘಟಕವೇ ಅಪಾಯಕಾರಿ. ಬ್ಯಾಟರಿ ಮುಗಿದುದು ಮೌನದಿಂದಲೇ ತಿಳಿಯುತ್ತದೆ. ಆದರೆ ಅನ್ಯರ ಕೈವಶವಾದ ಘಟಕವು ಸುಳ್ಳು ಅಂಕಿಗಳನ್ನು ಕಳುಹಿಸಬಲ್ಲದು, ನೆರೆಯ ಘಟಕದ ಸಂದೇಶವನ್ನು ನುಂಗಿ ಸುಮ್ಮನಿರಬಲ್ಲದು. ಕಾಡಂಚಿನಲ್ಲಿ ಕಾವಲಿಲ್ಲದ ಪೆಟ್ಟಿಗೆಯನ್ನು ಬಿಚ್ಚುವುದೇನು ಕಷ್ಟ? ಗೂಢಲಿಪಿಯ ಕೀಲಿಯೂ ಅದರೊಳಗೇ ಇರುತ್ತದೆ.

ತಾನು ಕೊಟ್ಟ ಸಂದೇಶವನ್ನು ನೆರೆಯ ಘಟಕ ಮುಂದೆ ಸಾಗಿಸಿತೇ ಎಂದು ಆಲಿಸುವುದು ಪತ್ತೆಯ ಒಂದು ಉಪಾಯ. ಅಂಕಿಗಳನ್ನು ಪರಸ್ಪರ ಹೋಲಿಸಿ, ಒಂಟಿಯಾದುದನ್ನು ಶಂಕಿಸುವುದು ಮತ್ತೊಂದು. ಬೆಟ್ಟದಲ್ಲಿ ಎಡವುವುದು ಇಲ್ಲಿಯೇ. ಹತ್ತು ಮಾರು ಅಂತರದಲ್ಲಿ ಮಣ್ಣು ಬೇರೆ, ಒರತೆ ಬೇರೆ. ಮೊದಲು ಜಾರಲಿರುವ ಜಾಗದ ಅಂಕಿಯೇ ಉಳಿದವುಗಳಿಗಿಂತ ಭಿನ್ನವಾಗಿರಬಹುದು. ಬಹುಮತವಿಲ್ಲವೆಂದು ಅದನ್ನು ತಳ್ಳಿಹಾಕುವ ಲೆಕ್ಕಾಚಾರ ಪ್ರಯೋಗಶಾಲೆಯ ಸಮತಟ್ಟು ನೆಲಕ್ಕೆ ಸರಿ. ಬೆಟ್ಟದೂರಿನಲ್ಲಿ ಘಟಕವನ್ನು ಜಾಲದಿಂದ ಹೊರಗಿಡುವ ಮುನ್ನ ನೆಲ ಬಿರಿದಿದೆಯೇ, ಒರತೆ ಕದಡಿದೆಯೇ ಎಂದು ಊರವರನ್ನು ಕೇಳಬೇಕು. ಜಡಿಮಳೆಯಲ್ಲಿ ಅದಕ್ಕೂ ಅವಕಾಶವಿಲ್ಲವಾದರೆ, ಅಪಾಯವೆನ್ನುವ ಆ ಒಂಟಿ ಘಟಕದ ಮಾತನ್ನೇ ನಂಬಿ ಮನೆಗಳನ್ನು ತೆರವು ಮಾಡಿಸುವುದು ಮೇಲು.