ಉಳಿದ ಮೂರು ಗಂಟೆ ಯಾರದ್ದು?



ಯಾವ ಕೆಲಸ ಮೊದಲು, ಯಾವುದು ಆಮೇಲೆ, ಯಾವ ಮಿಷನ್ ಮೇಲೆ ಎಷ್ಟು ಹೊತ್ತು ಎಂದು ಕಾರ್ಖಾನೆಯಲ್ಲಿ ಮೊದಲೇ ಬರೆದಿಡ್ತಾರೆ. ಷೆಡ್ಯೂಲಿಂಗ್ ಅಂತಾರೆ ಇದಕ್ಕೆ. ನಮ್ಮ ಹಾಸ್ಟೆಲಿನ ಪಾಲಿಟೆಕ್ನಿಕ್ ಹುಡುಗರು ಪರೀಕ್ಷೆಗೆ ಉರು ಹೊಡೆದು ಮರೆತುಬಿಡ್ತಾರೆ. ಮರೆಯುವಂಥದ್ದಲ್ಲ ಇದು.

ಲೆಕ್ಕ ನೋಡಿ. ಎರಡು ಸಾಮಾನು ಮಾಡಬೇಕು. ಎರಡೂ ಮೊದಲು ಲೇತಿಗೆ, ಆಮೇಲೆ ಡ್ರಿಲ್ಲಿಗೆ ಹೋಗಬೇಕು. ಒಂದಕ್ಕೆ ಲೇತಿನಲ್ಲಿ 1 ಗಂಟೆ, ಡ್ರಿಲ್ಲಿನಲ್ಲಿ 4. ಇನ್ನೊಂದಕ್ಕೆ ಲೇತಿನಲ್ಲಿ 4, ಡ್ರಿಲ್ಲಿನಲ್ಲಿ 1. ಎರಡನೆಯದನ್ನು ಮೊದಲು ಹತ್ತಿಸಿದರೆ ಎಲ್ಲ ಮುಗಿಯೋಕೆ 9 ಗಂಟೆ. ಒಂದನೆಯದನ್ನು ಮೊದಲು ಹತ್ತಿಸಿದರೆ 6 ಗಂಟೆ! ಲೇತಿನಲ್ಲಿ ಬೇಗ ಮುಗಿಯುವುದು ಮುಂದೆ, ಡ್ರಿಲ್ಲಿನಲ್ಲಿ ಬೇಗ ಮುಗಿಯುವುದು ಹಿಂದೆ. 1954ರಲ್ಲಿ ಜಾನ್ಸನ್ ಎಂಬಾತ ಪ್ರಕಟಿಸಿದ ಸೂತ್ರ ಇದು. ಅದೇ ಮಿಷನ್, ಅದೇ ಬೆವರು. ಬದಲಾದದ್ದು ಸರದಿ ಮಾತ್ರ.

ಸರಿ, ಉಳಿದ 3 ಗಂಟೆ ಯಾರಿಗೆ ಸೇರಬೇಕು? ಸೂತ್ರ ಬಾಯಿ ಬಿಡೋದಿಲ್ಲ.

ಯಾವ ಮಿಷನ್ ಮುಂದೆ ಯಾರು ನಿಲ್ಲಬೇಕು ಅನ್ನೋದನ್ನೂ ಅದು ಹೇಳೋದಿಲ್ಲ. ಅದನ್ನು ಹೇಳಿದ್ದು ಜಾತಿ. ಬೊಂಬಾಯಿ ಬಟ್ಟೆ ಗಿರಣಿಗಳಲ್ಲಿ ನೂಲುವ ಕಡೆ ಅಸ್ಪೃಶ್ಯರಿಗೆ ಕೆಲಸ ಇತ್ತು. ಹೆಚ್ಚು ಕೂಲಿಯ ನೇಯುವ ಕಡೆ ಬಾಗಿಲು ಮುಚ್ಚಿತ್ತು. ಯಾಕೆ? ಕಂಡಿಕೆ ಬದಲಿಸಿದಾಗ ಎಳೆಯನ್ನು ಲಾಳಿಯ ಕಣ್ಣಿನಿಂದ ಬಾಯಲ್ಲಿ ಹೀರಿ ಎಳೆಯಬೇಕಿತ್ತು. ನಾವು ಬಾಯಿಟ್ಟ ಲಾಳಿಗೆ ಸವರ್ಣ ಕಾರ್ಮಿಕ ಬಾಯಿಡಲಾರ. ನಾವು ನೂತ ನೂಲು ಮಾತ್ರ ಅವರಿಗೆ ಮೈಲಿಗೆಯಲ್ಲ! 1928ರ ಮುಷ್ಕರದಲ್ಲಿ ಬಾಬಾಸಾಹೇಬರು ಈ ಬಾಗಿಲಿನ ಪ್ರಶ್ನೆಯನ್ನು ಕಾರ್ಮಿಕ ಮುಖಂಡರ ಮುಂದೇ ಎತ್ತಿದರು. ಜಾತಿ ಹಂಚೋದು ಬರೀ ಕೆಲಸವನ್ನಲ್ಲ, ಕೆಲಸಗಾರರನ್ನೇ ಎಂದು 1936ರಲ್ಲಿ ಬರೆದೂ ತೋರಿಸಿದರು.

ಅವರು ಕಾರ್ಮಿಕ ಖಾತೆ ನೋಡಿಕೊಳ್ಳುತ್ತಿದ್ದ ಕಾಲದ ಫಲವೇ 1946ರ ಕಾರ್ಖಾನೆ ಕಾಯ್ದೆ ತಿದ್ದುಪಡಿ. ವಾರದ ದುಡಿಮೆ 54 ಗಂಟೆಯಿಂದ 48ಕ್ಕೆ ಇಳಿಯಿತು. ಅದೇ ಕಾಯ್ದೆಯ ಸಾಲಿಗೆ 2023ರಲ್ಲಿ ನಮ್ಮ ರಾಜ್ಯ ಇನ್ನೊಂದು ತಿದ್ದುಪಡಿ ತಂದಿತು: ವಾರಕ್ಕೆ 48 ಮೀರಬಾರದು, ಆದರೆ ಕೆಲಸಗಾರ ಬರೆದು ಒಪ್ಪಿದರೆ ದಿನಕ್ಕೆ 12 ಗಂಟೆವರೆಗೂ ದುಡಿಸಬಹುದು. ಒಪ್ಪಿಗೆಯಂತೆ! ಗುತ್ತಿಗೆಯವನು ಒಲ್ಲೆ ಅಂದರೆ ನಾಳೆ ಗೇಟಿನೊಳಗೆ ಬಿಟ್ಟಾರೆಯೇ? ಸರದಿ ತಿದ್ದಿದರೆ ಹೊತ್ತು ಉಳಿಯುತ್ತೆ ಅಂತ ಗೊತ್ತಿದ್ದವರು ಕೂಲಿಯವನ ದಿನವನ್ನೇ ಯಾಕೆ ಹಿಗ್ಗಿಸಬೇಕು?

ಹಾಸ್ಟೆಲಿನ ತಮ್ಮಂದಿರೇ, ತಂಗಿಯರೇ, ಆ ಸೂತ್ರ ಕಲಿಯಿರಿ. ಪಟ್ಟಿ ಬರೆಯುವ ಮೇಜಿನ ತನಕ ಹೋಗಿ ಕೂತ್ಕೊಳ್ಳಿ. ಅಲ್ಲಿ ಕೂತ ದಿನ ಮಿಷನ್ ಮುಂದೆ ನಿಂತವರ ಹೆಸರನ್ನೂ ಆ ಪಟ್ಟಿಯಲ್ಲಿ ಓದಿ. ಉಳಿದ 3 ಗಂಟೆಯ ಲೆಕ್ಕ ಕೇಳಿ.